ಇಂಜಿನ್ ಹೋದರೂ ಕಂತು ಹೋಗುವುದಿಲ್ಲ

ನಮ್ಮ ಮನೆಯ ನಾಡದೋಣಿಗೆ ಕೂರಿಸಿರುವ ಔಟ್‌ಬೋರ್ಡ್ ಇಂಜಿನ್ 9.9 ಅಶ್ವಶಕ್ತಿಯದು. ಗಂಗೊಳ್ಳಿ, ಉಪ್ಪುಂದದ ಕಡೆ ಇದು ಸಾಮಾನ್ಯ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ರಜೆ. 10 ಅಶ್ವಶಕ್ತಿಯೊಳಗಿನ ಇಂಜಿನ್ ಇರುವ ನಾಡದೋಣಿ ಮಾತ್ರ ಕಡಲಿಗೆ ಇಳಿಯಬಹುದು. ಟ್ರಾಲ್‌ಬೋಟುಗಳು ದಡದಲ್ಲಿರುವಾಗ ಮೀನಿಗೆ ಒಳ್ಳೆಯ ದರ ಸಿಗುತ್ತದೆ. ಆ ದಿನಗಳಲ್ಲಿ ಇಂಜಿನ್ ಕಳವಾದರೆ ಅದರ ಬೆಲೆಯ ಜೊತೆಗೆ ಆ ದುಡಿಮೆಯೂ ಹೋಯಿತು. ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ.

ಈ ಇಂಜಿನ್ನಿನ ತೂಕ ಸುಮಾರು 40 ಕಿಲೋ. ದೋಣಿಯ ಹಿಂಬದಿ ಹಲಗೆಗೆ ಅದನ್ನು ಕಚ್ಚಿಸಿಡುವುದು ಕೈಯಲ್ಲೇ ತಿರುಗಿಸುವ ಎರಡು ಸ್ಕ್ರೂಗಳು. ಕದ್ದೊಯ್ಯಲು ಸ್ಪ್ಯಾನರ್ ಕೂಡ ಬೇಡ, ಇಬ್ಬರಿದ್ದರೆ ಸಾಕು.

ನಮ್ಮ ಪಕ್ಕದ ದೋಣಿಯವರದು ಹಾಗೇ ಹೋಯಿತು. ಅವರು ಪ್ರತಿವರ್ಷ ವಿಮೆಯ ಪ್ರೀಮಿಯಂ ಕಟ್ಟುತ್ತಿದ್ದವರು. ಕ್ಲೈಮಿನ ಕಾಗದ ಬರೆಯಲು ಕೂತಾಗ ಪಾಲಿಸಿಯನ್ನು ಪೂರ್ತಿ ಓದಿದೆ. ಇಂಜಿನ್ನಿಗೆ ಮಾಮೂಲಿ ಸ್ಕ್ರೂ ಅಲ್ಲದೆ ಬೇರೆ ಬೀಗವೂ ಇದ್ದರೆ ಮಾತ್ರ ಕಳ್ಳತನಕ್ಕೆ ಪರಿಹಾರ ಎಂದಿತ್ತು. ಇದು ಹೊಸ ಷರತ್ತೇನಲ್ಲ. ವಿಹಾರದೋಣಿಗಳಿಗಾಗಿ ಲಂಡನ್ನಿನಲ್ಲಿ 1985ರಲ್ಲಿ ರೂಪಿಸಿದ ಇನ್‌ಸ್ಟಿಟ್ಯೂಟ್ ಯಾಟ್ ಕ್ಲಾಜಸ್ ಎಂಬ ವಿಮಾ ಷರತ್ತುಗಳಲ್ಲೂ ಇದೇ ಮಾತಿದೆ. ಪಕ್ಕದವರ ಇಂಜಿನ್ನಿಗೆ ಅಂಥ ಬೀಗ ಇರಲಿಲ್ಲ, ಹಾಗಾಗಿ ಪರಿಹಾರ ಸಿಗಲಿಲ್ಲ. ದುಡಿದು ಕಟ್ಟಿದ ಹಣಕ್ಕೆ ಹೀಗಾದದ್ದು ನನಗೆ ಈಗಲೂ ಸಹಿಸಲಾಗದ ಸಂಗತಿ. ಪಾಲಿಸಿ ಮಾರುವವರು ಈ ಒಂದು ವಾಕ್ಯವನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಲೇಬೇಕು.

ಆದ್ದರಿಂದ ನನ್ನ ಲೆಕ್ಕದಲ್ಲಿ ಮೊದಲ ಖರ್ಚು ಬೀಗದ್ದು. ಎರಡು ಸ್ಕ್ರೂಗಳ ಹಿಡಿಗಳನ್ನು ಒಟ್ಟಿಗೆ ಮುಚ್ಚಿ, ತಿರುಗದಂತೆ ಮಾಡುವ ಕೊಳವೆಯಾಕಾರದ ಬೀಗ ಸಿಗುತ್ತದೆ. ಅದರ ಜೊತೆಗೆ ಇಂಜಿನ್ನಿನ ಹಿಡಿಕಟ್ಟಿನಲ್ಲಿರುವ ತೂತುಗಳ ಮೂಲಕ ಹಲಗೆಯನ್ನು ಹಾಯ್ದು ಹೋಗುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿಸಿ. ಸಾಮಾನ್ಯ ಸ್ಪ್ಯಾನರಿಗೆ ಸಿಗದ ನಟ್ ಆದರೆ ಇನ್ನೂ ಒಳ್ಳೆಯದು. ಬೋಲ್ಟಿಗೆ ಗ್ರೀಸ್ ಹಚ್ಚಲೇಬೇಕು, ಇಲ್ಲದಿದ್ದರೆ ಉಪ್ಪುನೀರಿನಲ್ಲಿ ಸ್ಟೀಲು ತಾಗಿದ ಕಡೆ ಹಿಡಿಕಟ್ಟಿನ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬರೀ ಸರಪಳಿ ಸುತ್ತುವುದರಲ್ಲಿ ನನಗೆ ನಂಬಿಕೆಯಿಲ್ಲ. ಕಟರ್ ಇದ್ದವನಿಗೆ ಅದು ಕ್ಷಣದ ಕೆಲಸ. ಬೋಲ್ಟ್ ಹಾಕಿದ ಮೇಲೆ ಇಂಜಿನ್ನನ್ನು ದಿನಾ ಮನೆಗೆ ಹೊತ್ತು ತರಲಾಗುವುದಿಲ್ಲ ನಿಜ. ಹಾಗೆ ತರುವವರು ಬೀಗವೊಂದನ್ನೇ ನೆಚ್ಚಿಕೊಳ್ಳಲಿ.

ಬೀಗ ಹಾಕಿದ ಮೇಲೆ ಅದರ ಫೋಟೋ, ಬೀಗದ ಬಿಲ್ಲು, ಇಂಜಿನ್ನಿನ ಬಿಲ್ಲು ಒಂದೇ ಕಡೆ ಇರಲಿ. ಸೀರಿಯಲ್ ನಂಬರ್ ಹಿಡಿಕಟ್ಟಿನ ತಗಡಿನ ಮೇಲಿರುತ್ತದೆ, ಕಳ್ಳರು ಮೊದಲು ಕಿತ್ತು ಬಿಸಾಡುವುದೂ ಅದನ್ನೇ. ಹಲವು ಮಾದರಿಗಳಲ್ಲಿ ಮೇಲಿನ ಮುಚ್ಚಳ ತೆಗೆದರೆ ಇಂಜಿನ್ ಮೈಮೇಲೆ ಇನ್ನೊಂದು ನಂಬರ್ ಕಾಣುತ್ತದೆ, ಅದನ್ನೂ ಬರೆದಿಟ್ಟುಕೊಳ್ಳಿ. ಪಾಲಿಸಿಯಲ್ಲಿ ದೋಣಿಯ ಜೊತೆ ಇಂಜಿನ್ನಿನ ನಂಬರೂ ಮೌಲ್ಯವೂ ಬೇರೆಯಾಗಿ ನಮೂದಾಗಿವೆಯೇ ನೋಡಿ.

ಕಳವಾದರೆ ಅಂದೇ ಠಾಣೆಗೆ ಹೋಗಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಅಂದೇ ವಿಮಾ ಕಂಪನಿಗೂ ಬರೆದು ತಿಳಿಸಿ. ಮಾಲು ಪತ್ತೆಯಾಗದಿದ್ದರೆ ಪೊಲೀಸರು ಹಾಕುವ ‘ಸಿ’ ರಿಪೋರ್ಟಿನ ಪ್ರತಿಯನ್ನೂ ಕಂಪನಿಯವರು ಕೇಳುತ್ತಾರೆ.

ಸೆಕೆಂಡ್ ಹ್ಯಾಂಡ್ ಇಂಜಿನ್ ಕೊಳ್ಳುವವರು ಆ ಎರಡೂ ನಂಬರುಗಳನ್ನು ಹಳೆಯ ಬಿಲ್ಲಿಗೆ ತಾಳೆ ನೋಡಿ ದುಡ್ಡು ಕೊಡಿ. ಕಳವಿನ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ. ತಗಡು ಕಿತ್ತ ಇಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ತಂದವರು ಠಾಣೆಯಲ್ಲಿ ‘ಗೊತ್ತಿರಲಿಲ್ಲ’ ಎಂದರೆ ನಂಬುವುದು ಕಷ್ಟ.