ಆಯ್ಕೆಯಾಗದಿದ್ದಾಗ

ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಹೆಚ್ಚಿನ ವ್ಯಾಸಂಗಕ್ಕೆ ಅಮೆರಿಕಕ್ಕೆ ಹೋಗುತ್ತಾರೆ. ಅಲ್ಲಿನ ಅನೇಕ ಕಾಲೇಜುಗಳಲ್ಲಿ 'ಸೊರೊರಿಟಿ' ಎಂಬ ವಿದ್ಯಾರ್ಥಿನಿಯರ ಸಂಘಗಳಿವೆ. ಸದಸ್ಯೆಯರು ಕೂಡಿ ಸಮಾರಂಭ, ಸೇವಾಕಾರ್ಯ ನಡೆಸುತ್ತಾರೆ. ಕೆಲವೆಡೆ ಒಂದೇ ಮನೆಯಲ್ಲಿ ವಾಸಿಸುತ್ತಾರೆ. ಆದರೆ ಬಯಸಿದವರೆಲ್ಲರಿಗೂ ಅಲ್ಲಿ ಸ್ಥಾನ ಸಿಗುವುದಿಲ್ಲ. ಆ ನಿರಾಶೆಯನ್ನು ಎದುರಿಸುವುದು ಹೇಗೆಂದು ಈ ಪಾಠದಲ್ಲಿ ನೋಡೋಣ.

ಆಯ್ಕೆ ನಡೆಯುವುದು ಹೇಗೆ?

ಹುಡುಗಿಯರು ಹಲವು ಸಂಘಗಳಿಗೆ ಭೇಟಿ ಕೊಡುತ್ತಾರೆ. ಪ್ರತಿ ಸುತ್ತಿನ ನಂತರ ಅವರೂ ತಮ್ಮ ಮೆಚ್ಚುಗೆ ತಿಳಿಸುತ್ತಾರೆ, ಸಂಘಗಳೂ ಪಟ್ಟಿ ಕೊಡುತ್ತವೆ. ಎರಡೂ ಹೊಂದಿಕೆಯಾದರೆ ಮುಂದಿನ ಸುತ್ತು. ಕೊನೆಗೆ 'ಬಿಡ್' ಎಂಬ ಆಹ್ವಾನ. ಭೇಟಿಗಳು ಚಿಕ್ಕವು, ಸ್ಥಾನಗಳು ಮಿತವಾದವು. ಒಮ್ಮೊಮ್ಮೆ ಉಡುಪು, ಬಣ್ಣ, ಪರಿಚಯಗಳೂ ಲೆಕ್ಕಕ್ಕೆ ಬರುವುದುಂಟು. ಅದು ಆರಿಸುವವರ ಕೊರತೆ. 'ಇಲ್ಲ' ಎಂಬ ಉತ್ತರ ಹುಡುಗಿಯ ಗುಣಕ್ಕೆ ಕೊಟ್ಟ ಅಂಕವಲ್ಲ.

ತಮ್ಮದೇ ಸಂಘ ಕಟ್ಟಿದವರೂ ಇದ್ದಾರೆ. 1998ರಲ್ಲಿ ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿನಿಯರು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ ಸೊರೊರಿಟಿಗಳನ್ನು ಆರಂಭಿಸಿದರು.

ನೆರೆಯ ಕಾಡಿನ ನೆನಪು

ನಮ್ಮ ರುಂಡಾದ ಪಕ್ಕದ ಕರೂರಾ ಕಾಡನ್ನು ಉಳಿಸಲು ಹೋರಾಡಿದ ವಾಂಗಾರಿ ಮಾಥಾಯ್ ಕೂಡ ಅಮೆರಿಕದಲ್ಲಿ ಓದಿದವರು. 1966ರಲ್ಲಿ ನೈರೋಬಿಯ ವಿಶ್ವವಿದ್ಯಾಲಯ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೆಲಸ ಸಿಕ್ಕಿದೆಯೆಂದು ನಂಬಿ ಊರಿಗೆ ಮರಳಿದರು. ಬಂದು ನೋಡಿದರೆ, ಅದನ್ನು ಬೇರೊಬ್ಬರಿಗೆ ಕೊಟ್ಟಾಗಿತ್ತು. ಅವರು ಹುಡುಕಾಟ ಬಿಡಲಿಲ್ಲ. ಪಶುವೈದ್ಯ ವಿಭಾಗದಲ್ಲಿ ಕೆಲಸ ದೊರೆಯಿತು. 1971ರಲ್ಲಿ ಡಾಕ್ಟರೇಟ್ ಪಡೆದರು. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ತಾಳಿದವನು ಬಾಳಿಯಾನು ಎಂದರೆ ಕೈಕಟ್ಟಿ ಕೂರುವುದಲ್ಲ ಎಂಬುದನ್ನು ಅವರಿಂದ ಕಲಿಯಬಹುದು.

ಏನು ಮಾಡಬಹುದು?

1. ಅಳು ಬಂದರೆ ಅಳೋಣ. ದುಃಖ ನಿಜವಾದದ್ದೇ.
2. ಆ ದಿನ ಇತರರ ಸಂಭ್ರಮದ ಚಿತ್ರಗಳನ್ನು ನೋಡುತ್ತಾ ಕೂರುವುದು ಬೇಡ. ಗೆಳತಿಯೊಡನೆ ಊಟಕ್ಕೆ ಹೋಗೋಣ.
3. ನಾಟಕ ತಂಡ, ಆಟದ ಮೈದಾನ, ಭಾರತೀಯ ವಿದ್ಯಾರ್ಥಿಗಳ ಸಂಘ, ಹತ್ತಿರದ ಕನ್ನಡ ಕೂಟ – ಇವುಗಳಲ್ಲಿ ಒಂದಕ್ಕಾದರೂ ಅದೇ ವಾರ ಹೋಗೋಣ.
4. ಸ್ಥಾನ ಉಳಿದ ಸೊರೊರಿಟಿಗಳು ಮುಂದೆಯೂ ಸೇರಿಸಿಕೊಳ್ಳುತ್ತವೆ. ಮನಸ್ಸಿದ್ದರೆ ವಿಚಾರಿಸೋಣ.
5. ವಾರಗಟ್ಟಲೆ ಊಟ, ನಿದ್ರೆ ಸರಿಹೋಗದಿದ್ದರೆ ಕಾಲೇಜಿನ ಆಪ್ತಸಲಹೆಗಾರರನ್ನು ಕಾಣೋಣ.

ಪೋಷಕರಿಗೆ ಒಂದು ಮಾತು

ಅಮೆರಿಕದ ಪೂರ್ವ ತೀರದಲ್ಲಿ ಸಂಜೆಯಾದಾಗ ನೈರೋಬಿಯಲ್ಲಿ ನಡುರಾತ್ರಿ. ಆ ಹೊತ್ತಿಗೆ ಮಗಳ ಫೋನ್ ಬಂದರೆ "ಇಷ್ಟಕ್ಕೆಲ್ಲ ಅಳುತ್ತಾರೆಯೇ? ಓದುವುದಕ್ಕಲ್ಲವೇ ಕಳಿಸಿದ್ದು?" ಎನ್ನುವುದು ಬೇಡ. ಮೊದಲು ಪೂರ್ತಿ ಕೇಳಿಸಿಕೊಳ್ಳೋಣ. ಊಟವಾಯಿತೇ ಎಂದು ವಿಚಾರಿಸೋಣ. ಬುದ್ಧಿಮಾತಿಗೆ ಬೆಳಗಾಗಲಿ.

ಅಭ್ಯಾಸ

ನಮ್ಮ ತರಗತಿಯಲ್ಲಿ ಆಟಕ್ಕೆ ತಂಡ ಆರಿಸುವಾಗ ಯಾವಾಗಲೂ ಕೊನೆಗೆ ಉಳಿಯುವವರು ಯಾರು? ಮುಂದಿನ ಬಾರಿ ಅವರನ್ನೇ ಮೊದಲು ಕರೆಯೋಣವೇ?