ರಕ್ಕಸನಿಗೂ ಮೈಭಾರವಿದೆ

ಕಥೆ ಬರೆಯಲು ಕೂತ ಮಕ್ಕಳೇ, ರಕ್ಕಸನನ್ನೋ ಡ್ರ್ಯಾಗನ್ನನ್ನೋ ಅನ್ಯಗ್ರಹದ ಜೀವಿಯನ್ನೋ ಕಾಳಗಕ್ಕೆ ಇಳಿಸುವ ಮುನ್ನ ಅದಕ್ಕೊಂದು ದೇಹ ಕೊಡಿ. ಬೆಂಕಿ, ಗರ್ಜನೆ, ಕೋರೆಹಲ್ಲು ಆಮೇಲೆ ಬರಲಿ. ಓದುಗ ನಿಮ್ಮ ಪ್ರಾಣಿಯನ್ನು ಎಂದೂ ಕಂಡವನಲ್ಲ. ಆದರೆ ಭಾರ, ಏದುಸಿರು, ನೋವು ಅವನ ಮೈಗೆ ಗೊತ್ತು. ಅವನು ನಿಮ್ಮನ್ನು ನಂಬುವುದು ಆ ಗುರುತಿನಿಂದಲೇ.

ಭಾರದ ಲೆಕ್ಕವನ್ನು ಗೆಲಿಲಿಯೊ 1638ರಲ್ಲೇ ಬರೆದಿಟ್ಟಿದ್ದಾನೆ. ಆರು ಅಡಿಯ ಮನುಷ್ಯನನ್ನು ಅದೇ ಆಕಾರದಲ್ಲಿ 60 ಅಡಿಗೆ ಬೆಳೆಸಿದರೆ ಮೂಳೆಯ ಬಲ ಸುಮಾರು 100 ಪಟ್ಟು ಹೆಚ್ಚುತ್ತದೆ, ಮೈತೂಕ 1000 ಪಟ್ಟು. ಅಂಥವನು ಬೆಕ್ಕಿನಂತೆ ನೆಗೆಯಲಾರ. ತಿರುಗಿ ನಿಲ್ಲಲು ಅವನಿಗೆ ಹೊತ್ತು ಬೇಕು. ಎಡವಿ ಬಿದ್ದರೆ ಬಿದ್ದ ಪೆಟ್ಟೇ ಪ್ರಾಣಕ್ಕೆ ಬಂದೀತು. ಚಿಕ್ಕವನೊಬ್ಬ ದೈತ್ಯನನ್ನು ಗೆಲ್ಲುವ ದಾರಿ ಅಲ್ಲೇ ಇದೆ. ಎಚ್. ಜಿ. ವೆಲ್ಸ್ 1898ರ ಕಾದಂಬರಿಯಲ್ಲಿ ತಂದ ಮಂಗಳದ ಜೀವಿಗಳನ್ನೇ ನೋಡಿ. ಭೂಮಿಯ ಸೆಳೆತಕ್ಕೆ ಅವು ನೆಲದ ಮೇಲೆ ಸರಿದಾಡಲೂ ತಿಣುಕುತ್ತವೆ. ಅದಕ್ಕೇ ಮೂರು ಕಾಲಿನ ಯಂತ್ರವೇರಿ ಯುದ್ಧಕ್ಕೆ ಬರುತ್ತವೆ. ದೇಹದ ಕೊರತೆಯೇ ಅಲ್ಲಿ ಆಯುಧವನ್ನು ಹುಟ್ಟಿಸಿದೆ.

ಆಮೇಲೆ, ಆ ಜೀವಿ ಯಾತಕ್ಕಾಗಿ ಹೊಡೆದಾಡುತ್ತಿದೆ ಎಂದು ಕೇಳಿಕೊಳ್ಳಿ. ನಮ್ಮ ಮಲೆನಾಡಿನ ಕಾಳಿಂಗ ಸರ್ಪಗಳಲ್ಲಿ ಎರಡು ಗಂಡುಗಳು ಹೆಣ್ಣಿಗಾಗಿ ಸೆಣಸುವಾಗ ಬಾಯಿತುಂಬ ವಿಷವಿದ್ದರೂ ಸಾಮಾನ್ಯವಾಗಿ ಕಚ್ಚುವುದಿಲ್ಲ. ಒಂದಕ್ಕೊಂದು ಹೆಣೆದುಕೊಂಡು, ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತವೆ. ಸೋತದ್ದು ಸರಿದುಹೋಗುತ್ತದೆ. ಹಸಿವಿಗೆ ಬೇಟೆಯಾಡುವ ಪ್ರಾಣಿ, ಮರಿ ಕಾಯುವ ತಾಯಿ, ಗಡಿ ಕಾಯುವ ಗಂಡು ಒಂದೇ ರೀತಿ ಕಾದಾಡುವುದಿಲ್ಲ. ಎಲ್ಲಿ ಹಿಮ್ಮೆಟ್ಟಬೇಕು ಎಂಬುದು ಪ್ರತಿಯೊಂದಕ್ಕೂ ಗೊತ್ತಿರುತ್ತದೆ.

ಮಾಯೆ ಬೇಕೇ, ಧಾರಾಳವಾಗಿ ತನ್ನಿ. ಆದರೆ ಅದರ ಕಟ್ಟಳೆಯನ್ನು ಮೊದಲೇ ಓದುಗನ ಕೈಗೆ ಕೊಡಿ. ದೇವಿಯೊಡನೆ ಕಾದುವ ಅಸುರ ರಕ್ತಬೀಜನ ಒಂದೊಂದು ಹನಿ ನೆತ್ತರು ನೆಲಕ್ಕೆ ಬಿದ್ದರೂ ಇನ್ನೊಬ್ಬ ಅಸುರ ಏಳುತ್ತಾನೆ. ಇದು ತಿಳಿದ ಮೇಲೆ ದೇವಿಯ ಕಡೆಯ ಪ್ರತಿ ಏಟೂ ನಮಗೆ ಭಯ ಹುಟ್ಟಿಸುತ್ತದೆ. ಕಾಳಿ ಆ ನೆತ್ತರನ್ನು ನೆಲ ಮುಟ್ಟುವ ಮೊದಲೇ ಕುಡಿದಾಗ ಗೆಲುವು ಆ ಕಟ್ಟಳೆಯೊಳಗಿಂದಲೇ ಬರುತ್ತದೆ. ಕೊನೆಯ ಗಳಿಗೆಯಲ್ಲಿ ಹೊಸ ವರವೊಂದನ್ನು ಉದುರಿಸಿದರೆ ಓದುಗ ನಿಮ್ಮ ಕೈಬಿಡುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಳಗದ ಬೆಲೆ. ಮಹಾಭಾರತದ ರಾತ್ರಿಯುದ್ಧದಲ್ಲಿ ರಕ್ಕಸ ಘಟೋತ್ಕಚ ಬೀಳುವಾಗಲೂ ಮೈ ಬೆಳೆಸಿ, ಕೌರವರ ಒಂದು ಅಕ್ಷೌಹಿಣಿ ಸೇನೆಯನ್ನು ತನ್ನ ಭಾರದಡಿ ಅರೆದುಹಾಕುತ್ತಾನೆ. ಅವನನ್ನು ಕೊಲ್ಲಲು ಕರ್ಣ, ಅರ್ಜುನನಿಗೆಂದು ಕಾಯ್ದಿರಿಸಿದ್ದ ಇಂದ್ರನ ಶಕ್ತ್ಯಾಯುಧವನ್ನು ಕಳೆದುಕೊಳ್ಳುತ್ತಾನೆ. ಭೀಮ ಮಗನನ್ನು ಕಳೆದುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಇಡೀ ಯುದ್ಧದ ದಿಕ್ಕೇ ಬೇರೆ. ನೀವು ಬರೆದ ಹೊಡೆದಾಟದಲ್ಲಿ ಯಾರೂ ಏನನ್ನೂ ಕಳೆದುಕೊಂಡಿಲ್ಲ ಎನ್ನಿಸಿದರೆ, ಅದು ಎಷ್ಟೇ ರಭಸವಾಗಿದ್ದರೂ ಮರುಕವಿಲ್ಲದೆ ಹೊಡೆದುಹಾಕಿ, ಮತ್ತೆ ಬರೆಯಿರಿ.