ತೇಲುವ ಬಿಂದುವೂ ತೋಟದ ಬದುವೂ

ಗುಬ್ಬಿ ತಾಲ್ಲೂಕಿನ ಸಿ. ಎಸ್. ಪುರದಲ್ಲಿ ಎರಡು ತೆಂಗಿನ ತೋಟಗಳ ನಡುವಣ ಬದುವೊಂದನ್ನು ಊಹಿಸಿಕೊಳ್ಳೋಣ. ಅದರ ತುದಿಯಲ್ಲೊಂದು ಎಲ್ಲೆಕಲ್ಲು. ಅಕ್ಷಾಂಶ ಸುಮಾರು 13 ಡಿಗ್ರಿ, ರೇಖಾಂಶ ಸುಮಾರು 77 ಡಿಗ್ರಿ. ಉಪಗ್ರಹಗಳ ನೆರವಿನಿಂದ ಅಳೆಯುವ ಇಂದಿನ ಮೋಜಣಿ ಉಪಕರಣವು ಕಲ್ಲಿನ ಸ್ಥಾನವನ್ನು ಕೆಲವೇ ಸೆಂಟಿಮೀಟರುಗಳ ನಿಖರತೆಯಿಂದ ತಿಳಿಸಬಲ್ಲದು. ಆ ಸಂಖ್ಯೆಯು ಗಣಕಯಂತ್ರದೊಳಗೆ ಹೊಕ್ಕ ಮೇಲೆ ಏನಾಗುವುದು?

13,500 ಎಂಬುದನ್ನು ನಾವು 1.35 × 10⁴ ಎಂದು ಬರೆಯುತ್ತೇವಷ್ಟೆ. ಗಣಕಕ್ಕೆ 0 ಮತ್ತು 1 ಎಂಬ ಎರಡೇ ಅಂಕಗಳಾದುದರಿಂದ ಅದು 77ನ್ನು 1.203125 × 2⁶ ಎಂದಿಟ್ಟುಕೊಳ್ಳುತ್ತದೆ. ಘಾತಕ್ಕೆ ತಕ್ಕಂತೆ ಬಿಂದುವು ಸರಿಯುವುದರಿಂದ ಇದು ‘ತೇಲುಬಿಂದು’ ಪದ್ಧತಿ. ಮೊದಲು ತಯಾರಕರಿಗೊಂದೊಂದು ಕ್ರಮವಿದ್ದಿತು; ಬಹುಮಟ್ಟಿಗೆ ವಿಲಿಯಂ ಕಹಾನ್ ಎಂಬ ಗಣಿತಜ್ಞರ ಪರಿಶ್ರಮದಿಂದ 1985ರಲ್ಲಿ ಏಕರೂಪದ ನಿಯಮವು ಬಂದಿತು. ಅದರಂತೆ 32 ಬಿಟ್‌ಗಳ ಸಂಖ್ಯೆಯಲ್ಲಿ ಒಂದು ಬಿಟ್ ಚಿಹ್ನೆಗೆ, 8 ಘಾತಕ್ಕೆ, ಮಿಕ್ಕ 23 ಭಿನ್ನಭಾಗಕ್ಕೆ ಮೀಸಲು.

ತೊಡಕಿರುವುದು ಈ 23ರಲ್ಲಿಯೇ. ಮೂರರಲ್ಲೊಂದನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333... ಎಂದು ಮುಗಿಯುವುದೇ ಇಲ್ಲ. ದ್ವಿಮಾನದಲ್ಲಿ ಹತ್ತರಲ್ಲೊಂದಕ್ಕೂ ಇದೇ ಗತಿ. ಆದ್ದರಿಂದ 77 ಸರಿಯಾಗಿ ನಿಂತರೂ 76.9 ನಿಲ್ಲದು, ಬಾಲವನ್ನು ಕತ್ತರಿಸಿ ಹತ್ತಿರದ ಸಂಖ್ಯೆಗೆ ಹೊಂದಿಸಲೇಬೇಕು. 64ರಿಂದ 128ರವರೆಗೆ ಇಂತಹ ಎರಡು ನೆರೆಯ ಸಂಖ್ಯೆಗಳ ಅಂತರ 1/131072. ನಮ್ಮ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿಯೆಂದರೆ ಸುಮಾರು 108 ಕಿಲೋಮೀಟರ್. ಭಾಗಿಸಿದರೆ ಒಂದು ಹೆಜ್ಜೆಗೆ ಸುಮಾರು 83 ಸೆಂಟಿಮೀಟರ್! ಅಕ್ಷಾಂಶದ ಸಂಖ್ಯೆಯು ಚಿಕ್ಕದಾದ್ದರಿಂದ ಅಲ್ಲಿ ಹೆಜ್ಜೆಯು ಹತ್ತೂವರೆ ಸೆಂಟಿಮೀಟರಿನಷ್ಟೇ. ಒಂದೇ ಕಲ್ಲು, ಪೂರ್ವ-ಪಶ್ಚಿಮಕ್ಕೆ ಒಂದು ನ್ಯಾಯ, ಉತ್ತರ-ದಕ್ಷಿಣಕ್ಕೆ ಇನ್ನೊಂದು!

ಮೊಬೈಲ್ ಫೋನಿನ ಅಳತೆಯೇ ಕೆಲವು ಮೀಟರು ತಪ್ಪುವುದರಿಂದ ಅಲ್ಲಿ ಇದು ಯಾರ ಕಣ್ಣಿಗೂ ಬೀಳದು. ಮೋಜಣಿಯಲ್ಲಿ ಹಾಗಲ್ಲ. ಒಂದು ಗುಂಟೆಯ ಪಕ್ಕ 33 ಅಡಿ. ಕಲ್ಲು ಅರ್ಧ ಹೆಜ್ಜೆ ಸರಿದರೂ ಸುಮಾರು 45 ಚದರಡಿ ನೆಲ ನೆರೆಯವನ ಪಾಲಾಗಬಹುದು. ಇಷ್ಟಕ್ಕೇ ವ್ಯಾಜ್ಯ ಹೂಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಎರಡು ಕಲ್ಲುಗಳ ರೇಖಾಂಶಗಳನ್ನು ಕಳೆದಾಗಲಂತೂ ಮುಂದಣ ಅಂಕಗಳೆಲ್ಲ ಒಂದೇ ಆಗಿದ್ದು ಅಳಿಸಿಹೋಗುತ್ತವೆ. 33 ಅಡಿಗಳಿಗೆ ಉಳಿಯುವುದು ಹನ್ನೆರಡೇ ಹೆಜ್ಜೆ.

64 ಬಿಟ್‌ಗಳನ್ನು ಕೊಟ್ಟರೆ ಭಿನ್ನಭಾಗಕ್ಕೆ 52 ದೊರೆತು, ಹೆಜ್ಜೆಯು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಿರಿದಾಗುತ್ತದೆ. 32ರಲ್ಲಿಯೇ ನಿಭಾಯಿಸಬೇಕಾದಾಗ, ಹಿಂದಿನ ಮೋಜಣಿದಾರರು ಸರಪಳಿಯನ್ನು ಊರಿನ ಕಲ್ಲೊಂದರಿಂದ ಎಳೆಯುತ್ತಿದ್ದಂತೆ, ಊರಿನದೇ ಒಂದು ಮೂಲಬಿಂದುವಿನಿಂದ ಮೀಟರುಗಳಲ್ಲಿ ಎಣಿಸಬೇಕು. ಆಗ ಎರಡು ಕಿಲೋಮೀಟರಿನೊಳಗೆ ಹೆಜ್ಜೆಯು ಮಿಲಿಮೀಟರಿನ ಎಂಟರಲ್ಲೊಂದು ಪಾಲನ್ನು ಮೀರದು.